ಅಂಬಿಗಿತ್ತಿ ಆಟದ ಸೇತುವೆ: ದೂರು ವಿಭಾಗದವಳ ಹೇಳಿಕೆ

ನಾನು, ಕೊನೆಯಲ್ಲಿ ಸಹಿ ಮಾಡಿರುವವಳು, ವಯಸ್ಸು ಮೂವತ್ತೇಳು ವರ್ಷ, ವಿಡಿಯೋ ಗೇಮ್ ತಯಾರಿಸುವ ಕಂಪನಿಯೊಂದರ ದೂರು ವಿಭಾಗದಲ್ಲಿ ಆರು ವರ್ಷದಿಂದ ನೌಕರಿ, ವಾಸ ಕಂಪನಿಯಿಂದ ಎರಡು ಕಿಲೋಮೀಟರ್ ದೂರದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿ, ಅತ್ತೆ ಮತ್ತು ಮಗಳ ಜೊತೆ. ಇಂದು ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ನಾನಾಗಿ ಬರೆಸುವುದೇನೆಂದರೆ,

ನಮ್ಮ ಕಂಪನಿಯ ಹೆಸರಾದ ಆಟ ಅಂಬಿಗಿತ್ತಿ. ಒಬ್ಬ ಹೆಂಗಸು ದೋಣಿಯಲ್ಲಿ ಜನರನ್ನು ದಡ ದಾಟಿಸುತ್ತ, ಹೊಳೆಯ ಮೇಲ್ಮುಖವಾಗಿ ತನ್ನ ಮನೆಗೆ ಹೋಗುವ ಆಟ. ಅದರಲ್ಲಿ ಹೊಡೆದಾಟವಿಲ್ಲ, ಅವಸರವಿಲ್ಲ. ದೋಣಿ ಹತ್ತಿದ ಪ್ರತಿಯೊಬ್ಬರೂ ತಮ್ಮ ಕತೆ ಹೇಳುತ್ತಾರೆ. ಇದನ್ನು ಆಡಿ ಜನ ಅತ್ತು ಪತ್ರ ಬರೆಯುತ್ತಾರೆ. ನಾನೂ ಅತ್ತಿದ್ದೇನೆ.

ಆದರೆ ಎಂಟನೇ, ಅಂದರೆ ಕೊನೆಯ ಭಾಗದಲ್ಲಿ ಒಂದು ತೂಗುಸೇತುವೆ ಇದೆ. ಹಗ್ಗ ಹರಿಯುತ್ತದೆ. ಆಗ ಕಂಟ್ರೋಲರಿನ ಎಡಬಲದ ಎರಡು ಬಟನ್‌ಗಳನ್ನು ಒಂದಾದ ಮೇಲೊಂದು ಹನ್ನೆರಡು ಸೆಕೆಂಡಿನಲ್ಲಿ ಅರವತ್ತು ಸಲ ಒತ್ತಬೇಕು. ಅರವತ್ತಾಗದಿದ್ದರೆ ಅಂಬಿಗಿತ್ತಿ ಬೀಳುತ್ತಾಳೆ. ಬಿದ್ದರೆ ನಾಲ್ಕು ನಿಮಿಷದ ದೃಶ್ಯವೊಂದನ್ನು ಪ್ರತಿ ಸಲವೂ ಪೂರ್ತಿ ನೋಡಬೇಕು, ಅದನ್ನು ಬಿಟ್ಟು ಮುಂದೆ ಹೋಗಲು ಬರುವುದಿಲ್ಲ. ನಡುವೆ ಎಲ್ಲೂ ಆಟ ಸೇವ್ ಆಗುವುದಿಲ್ಲವಾದ್ದರಿಂದ ಹಿಂದಿನ ಘಟ್ಟದಿಂದ ಇಪ್ಪತ್ತಾರು ನಿಮಿಷ ಮತ್ತೆ ಆಡಿಕೊಂಡು ಬರಬೇಕು. ನನ್ನ ಮೇಜಿಗೆ ಬರುವ ನೂರು ದೂರಿನಲ್ಲಿ ನಲವತ್ತು ಈ ಸೇತುವೆಯದೇ.

ಆಟವನ್ನೂ ಸೇತುವೆಯನ್ನೂ ರೂಪಿಸಿದವರು ನಮ್ಮ ಮುಖ್ಯ ವಿನ್ಯಾಸಕಾರರು, ವಯಸ್ಸು ಸುಮಾರು ಐವತ್ತು. ಎಲ್ಲರ ಕೆಲಸವನ್ನೂ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರಿಂದ ಆಫೀಸಿನಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಕೆಟ್ಟವರಲ್ಲ. ನನ್ನ ಮಗಳಿಗೆ ಟೈಫಾಯ್ಡ್ ಆದಾಗ ಆಸ್ಪತ್ರೆಗೆ ಎರಡು ಸಲ ಬಂದು ನೋಡಿದವರು ಅವರೊಬ್ಬರೇ. ಸೇತುವೆಯ ಮಾತು ಬಂದರೆ ಮಾತ್ರ ಬಗ್ಗುತ್ತಿರಲಿಲ್ಲ. ಅಲ್ಲಿ ಆಡುವವರಿಗೆ ಬೆವರು ಬರಬೇಕು, ಬೆವರದೆ ದಾಟಿದರೆ ಅದು ಸೇತುವೆಯಲ್ಲ, ಡಾಂಬರು ರಸ್ತೆ ಎನ್ನುತ್ತಿದ್ದರು. ಆ ಒಂದು ಭಾಗಕ್ಕೆ ಅವರು ಏಳು ತಿಂಗಳು ಕೂತಿದ್ದರು.

ಸುಮಾರು ಹದಿನಾಲ್ಕು ತಿಂಗಳ ಹಿಂದೆ ನನಗೆ ಒಂದು ಕಾಗದದ ಪತ್ರ ಬಂತು. ಬರೆದವರು ಅರವತ್ತೆಂಟು ವರ್ಷದ ನಿವೃತ್ತ ಬಸ್ ಡ್ರೈವರ್. ಈಗ ಠಾಣೆಯಲ್ಲಿ ಇಟ್ಟುಕೊಂಡಿರುವುದು ಅವರನ್ನೇ. ಮೂರು ವರ್ಷದ ಹಿಂದೆ ಅವರ ಹೆಂಡತಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತು ಮೂರೋ ನಾಲ್ಕೋ ಉಳಿದಿವೆ, ಎಡಗೈಗೆ ಕಸರತ್ತಾಗಲಿ ಎಂದು ತಂದುಕೊಟ್ಟ ಈ ಆಟದಲ್ಲಿ ಅವರಿಗೆ ಜೀವ ಬಂದಂತಾಗಿದೆ ಎಂದು ಬರೆದಿದ್ದರು. ತೊಡೆಯ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಕಂಟ್ರೋಲರ್ ಇಟ್ಟು, ಒಂದೇ ಕೈಯಲ್ಲಿ ಏಳು ಭಾಗ ಮುಗಿಸಿದ್ದರಂತೆ. ಸೇತುವೆ ಮಾತ್ರ ಒಂದು ಕೈಯಲ್ಲಿ ಆಗುವುದಲ್ಲ.

ಅದೂ ಸೇರಿ ಇಲ್ಲಿವರೆಗೆ ಇಪ್ಪತ್ತಮೂರು ಪತ್ರ ಬಂದವು. ಬಸ್ಸಿನ ಟ್ರಿಪ್ ಶೀಟಿನಂತೆ ಬರೆಯುತ್ತಿದ್ದರು. ಬೆಳಿಗ್ಗೆ 10.05ಕ್ಕೆ ಹೊರಟು 10.31ಕ್ಕೆ ಸೇತುವೆ ತಲುಪಿದೆವು, ಎಣಿಕೆ 31, ಬಿದ್ದೆವು. ಮಧ್ಯಾಹ್ನ ನಾನೇ ಎರಡೂ ಕೈಯಲ್ಲಿ ಒತ್ತಿದೆ, ಕೈ ನಡುಗುತ್ತದೆ, ಎಣಿಕೆ 41, ಬಿದ್ದೆವು. ಸಂಜೆ ಎಡಗಡೆ ಅವಳು, ಬಲಗಡೆ ನಾನು, ಎಣಿಕೆ 52, ಬಿದ್ದೆವು, ಇಬ್ಬರೂ ನಕ್ಕೆವು. ಹೀಗೆ. ಪಕ್ಕದ ಮನೆಯ ಹುಡುಗಿಯನ್ನು ಕರೆಯಲು ಹೋದರೆ ಹೆಂಡತಿ ಕಂಟ್ರೋಲರನ್ನು ಸೆರಗಿನೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರಂತೆ. ಒಂಬತ್ತನೇ ಪತ್ರದಲ್ಲಿ, ಮೂವತ್ತೊಂದು ವರ್ಷ ಬಸ್ ಓಡಿಸಿದ್ದೇನೆ, ಇಂಥ ಸೇತುವೆ ಕಂಡಿಲ್ಲ, ಇದನ್ನು ಕಟ್ಟಿದ ಇಂಜಿನಿಯರನ್ನು ಕೂಡಲೇ ಸಸ್ಪೆಂಡ್ ಮಾಡಿ ಎಂದು ಬರೆದಿದ್ದರು. ಅದನ್ನು ಓದಿ ಆಫೀಸೆಲ್ಲ ನಕ್ಕಿತು. ಯಾರೋ ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಮೇಷ್ಟ್ರೂ ಓದಿ ನಕ್ಕರು.

ನಾನು ಇಪ್ಪತ್ತಮೂರಕ್ಕೂ ಒಂದೇ ಉತ್ತರ ಕಳಿಸಿದೆ. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಶುರುವಾಗುವ, ಮೊದಲೇ ಅಚ್ಚು ಹಾಕಿಟ್ಟಿರುವ ಉತ್ತರ. ಪ್ರತಿ ಸಲವೂ ದೂರಿನ ಎದುರು ‘ಬಗೆಹರಿದಿದೆ’ ಎಂದು ಗುರುತು ಹಾಕಿದೆ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಸೇತುವೆಗೆ ಒಂದು ಕಳ್ಳದಾರಿ ಇದೆ. ಆಟ ಶುರುವಾಗುವ ಪರದೆಯಲ್ಲಿ ಮೂರು ಬಟನ್‌ಗಳನ್ನು ಒಂದರ ಹಿಂದೆ ಒಂದು ಒತ್ತಿದರೆ ಆಟ ನೇರವಾಗಿ ಸೇತುವೆಗೆ ಹೋಗಿ, ತಾನಾಗಿ ದಾಟಿಬಿಡುತ್ತದೆ. ಆಟವನ್ನು ಪರೀಕ್ಷೆ ಮಾಡುವ ನೌಕರರು ದಿನಕ್ಕೆ ನಲವತ್ತು ಸಲ ಬೀಳಲಾಗುವುದಿಲ್ಲವೆಂದು ಅವರಿಗಾಗಿ ಇಟ್ಟದ್ದು. ಒಂದೇ ಕೈಯಲ್ಲಿ ಆಗುತ್ತದೆ. ನನಗೆ ಅದು ಎರಡು ವರ್ಷದಿಂದ ಗೊತ್ತು. ಹೊರಗೆ ಹೇಳಿದರೆ ಕೆಲಸ ಹೋಗುತ್ತದೆ ಎಂಬ ಕಾಗದಕ್ಕೆ ಸಹಿ ಹಾಕಿದ್ದೇನೆ. ಹಿಂದಿನ ವರ್ಷ ಪಕ್ಕದ ಮೇಜಿನವಳು ತನ್ನ ತಮ್ಮನಿಗೆ ಹೇಳಿ, ಅದೇ ದಿನ ಮಧ್ಯಾಹ್ನ ಊಟದ ಡಬ್ಬಿ ಸಮೇತ ಹೊರಗೆ ಹೋದಳು. ನಮ್ಮ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದ್ದರಿಂದ ಬಾಯಿ ಹೊಲಿದುಕೊಂಡಿದ್ದೆ.

ಇಂದು ಬೆಳಿಗ್ಗೆ 11.20ಕ್ಕೆ ಕೆಳಗಿನ ವಾಚ್‌ಮನ್ ಫೋನ್ ಮಾಡಿ, ಯಾರೋ ವಯಸ್ಸಾದವರು ನನ್ನನ್ನು ಕೇಳಿಕೊಂಡು ಮೂರನೇ ಮಹಡಿಗೆ ಬರುತ್ತಿದ್ದಾರೆಂದು ತಿಳಿಸಿದರು. ಹೊರಗಿನವರನ್ನು ಒಳಗೆ ಬಿಡುವಂತಿಲ್ಲ. ನಮ್ಮ ಬಾಗಿಲಿನ ಹೊರಗೆ ಒಂದು ಬೆಂಚಿದೆ, ಬೆಂಚಿನಿಂದ ನಾಲ್ಕು ಅಡಿಗೆ ಮೆಟ್ಟಿಲು ಶುರುವಾಗುತ್ತದೆ. ನಾನು ಹೊರಗೆ ಹೋದೆ. ಅವರು ಇಸ್ತ್ರಿ ಮಾಡಿದ ಹಳೆಯ ಅಂಗಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಕಂಟ್ರೋಲರ್ ಮತ್ತು ಎಣಿಕೆ ಬರೆದಿಡುವ ಒಂದು ಪುಸ್ತಕ ಬಿಟ್ಟು ಬೇರೇನೂ ಇರಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಅವರೇ ಚೀಲ ಬಿಡಿಸಿ ತೋರಿಸಿದರು.

ಪತ್ರ ನೋಡುವವಳು ನಾನೇ ಎಂದಾಗ ಎದ್ದು ನಿಂತು ಕೈ ಮುಗಿದರು. ಸೋಮವಾರ ಹೆಂಡತಿಗೆ ಮತ್ತೊಂದು ಸಲ ಲಕ್ವ ಹೊಡೆದಿದೆ, ಇನ್ನು ದಿನ ಎಣಿಸುವುದಷ್ಟೇ ಎಂದು ಡಾಕ್ಟರು ಹೇಳಿದ್ದಾರೆ, ಅವಳು ಅನ್ನ ಬೇಡ ಎನ್ನುತ್ತಾಳೆ, ಔಷಧಿ ಬೇಡ ಎನ್ನುತ್ತಾಳೆ, ಟಿವಿ ಕಡೆ ಮಾತ್ರ ಬೆರಳು ತೋರಿಸುತ್ತಾಳೆ ಎಂದರು. “ಆಚೆ ದಡ ಒಂದು ತೋರ್ಸಿಬಿಡಿ ತಾಯಿ. ಇನ್ನೇನೂ ಕೇಳಲ್ಲ, ಎದ್ದು ಹೊರಟೋಗ್ತೀನಿ” ಎಂದರು.

ನಾನು 11.32ಕ್ಕೆ ನಾಲ್ಕನೇ ಮಹಡಿಗೆ ಫೋನ್ ಮಾಡಿ ಮೇಷ್ಟ್ರನ್ನು ಕರೆದೆ. ಅವರು 11.41ಕ್ಕೆ ಬಂದರು. ಯಜಮಾನ್ರೇ ಕೂತ್ಕೊಳ್ಳಿ ಎಂದು ಮರ್ಯಾದೆಯಿಂದಲೇ ಮಾತಾಡಿಸಿದರು. ಒಬ್ಬರಿಗಾಗಿ ಆಟ ಬದಲಿಸಲಾಗುವುದಿಲ್ಲವೆಂದೂ, ಐದು ತಿಂಗಳಿಗೆ ಬರುವ ಹೊಸ ಆವೃತ್ತಿಯಲ್ಲಿ ಸೇತುವೆಯನ್ನು ಸುಲಭ ಮಾಡುವ ಬಗ್ಗೆ ಯೋಚಿಸುತ್ತೇವೆಂದೂ ಹೇಳಿದರು. ಡ್ರೈವರ್ ಯಜಮಾನರು, “ಐದು ತಿಂಗಳಾ” ಎಂದರು. ಮೇಷ್ಟ್ರು ಗಡಿಯಾರ ನೋಡಿಕೊಂಡರು.

11.52ಕ್ಕೆ ನಾನು, ಕಳ್ಳದಾರಿ ಹೇಳಿಬಿಡೋಣ ಮೇಷ್ಟ್ರೇ ಎಂದೆ. ಅವರ ಉತ್ತರಕ್ಕೆ ಕಾಯದೆ ಮೂರು ಬಟನ್ ಯಾವುವೆಂದು ಹೇಳಿಬಿಟ್ಟೆ. ಡ್ರೈವರ್ ಯಜಮಾನರು ಪುಸ್ತಕ ತೆಗೆದು, ತೊಡೆಯ ಮೇಲಿಟ್ಟು, ನಿಧಾನವಾಗಿ ಬರೆದುಕೊಂಡರು. ಬರೆದಾದ ಮೇಲೆ ತಲೆ ಎತ್ತದೆ ಕೇಳಿದರು.

“ಇದು ನಿಮಗೆ ಯಾವಾಗಿನಿಂದ ಗೊತ್ತಮ್ಮ?”

ಎರಡು ವರ್ಷದಿಂದ ಎಂದೆ.

“ನನ್ನ ಮೊದಲ್ನೇ ಕಾಗ್ದ ಬಂದಾಗ್ಲೂ ಗೊತ್ತಿತ್ತಾ?”

ಗೊತ್ತಿತ್ತು ಎಂದೆ.

ಅವರು ನನ್ನನ್ನು ಬೈಯಲಿಲ್ಲ. ಪುಸ್ತಕದ ಹಿಂದಿನ ಹಾಳೆಗಳನ್ನು ಒಂದೊಂದಾಗಿ ಮಗುಚಿದರು. ಎಲ್ಲ ಹಾಳೆಯಲ್ಲೂ ತಾರೀಖು, ಹೊತ್ತು, ಎಣಿಕೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರು ನನ್ನ ಕಡೆ ತಿರುಗಿ, ನನ್ನ ಕೆಲಸದ ವಿಷಯ ಆಮೇಲೆ ನೋಡಿಕೊಳ್ಳುತ್ತೇನೆ ಎಂದರು. ಯಜಮಾನರಿಗೆ, ಆ ಹಾಳೆ ಹರಿದು ಕೊಡಬೇಕೆಂದೂ, ಅದು ಹೊರಗೆ ಹೋದರೆ ನಾಳೆ ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದೂ ಹೇಳಿದರು. ಯಜಮಾನರು ಎದ್ದು ಮೆಟ್ಟಿಲ ಕಡೆ ಹೊರಟರು. ಮೇಷ್ಟ್ರು ಮುಂದೆ ಹೋಗಿ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತು, “ಕೊಡಿ ಇಲ್ಲಿ, ಏಳು ತಿಂಗಳು ಜೀವ ತೇದಿದೀನಿ ಅದಕ್ಕೆ” ಎನ್ನುತ್ತ ಪುಸ್ತಕಕ್ಕೆ ಕೈ ಹಾಕಿದರು. “ನಾವು ಹದ್ನಾಲ್ಕು ತಿಂಗಳು ತೇದಿದೀವಿ” ಎಂದು ಯಜಮಾನರು ಹೇಳಿದ್ದು ಕೇಳಿಸಿತು. ಇಬ್ಬರೂ ಪುಸ್ತಕ ಹಿಡಿದು ಎಳೆದಾಡಿದರು. ನಾನು ಪಕ್ಕಕ್ಕೆ ಎರಡು ಮಾರು ದೂರದಲ್ಲಿದ್ದೆ, ಇಬ್ಬರ ಮುಖವೂ ಕಾಣುತ್ತಿತ್ತು. ಬಿಡಿ ಸಾರ್, ಬಿಡಿ ಎಂದು ಕೂಗಿದೆ. ಯಾರಿಗೆ ಕೂಗಿದೆನೋ ನನಗೇ ತಿಳಿಯದು. ಮೇಷ್ಟ್ರು ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಎಳೆಯುತ್ತಿದ್ದಾಗ ಯಜಮಾನರ ಕೈಯಿಂದ ಪುಸ್ತಕ ಬಿಟ್ಟಿತು. ಮೇಷ್ಟ್ರು ಹಿಂದಕ್ಕೆ ಬಿದ್ದು ಹದಿನೇಳು ಮೆಟ್ಟಿಲು ಉರುಳಿ ಕೆಳಗಿನ ತಿರುವಿನ ಗೋಡೆಗೆ ತಲೆ ಹೊಡೆದುಕೊಂಡರು. ಆಗ 11.57.

ನಾನು ಕೆಳಗೆ ಓಡಿ ತಲೆ ಎತ್ತಿ ಹಿಡಿದೆ. ಕಿವಿಯಿಂದ ರಕ್ತ ಬರುತ್ತಿತ್ತು. 11.58ಕ್ಕೆ ಆಂಬುಲೆನ್ಸಿಗೆ ಫೋನ್ ಮಾಡಿದೆ, 12.14ಕ್ಕೆ ಬಂತು. ಈ ಹದಿನಾರು ನಿಮಿಷ ಯಜಮಾನರು ಓಡಿಹೋಗಲಿಲ್ಲ. ಮೆಟ್ಟಿಲ ಮೇಲ್ತುದಿಯಲ್ಲೇ ನಿಂತಿದ್ದರು. ಜನ ಸೇರಿದ ಮೇಲೆ ನನ್ನನ್ನು ಕರೆದು, “ಪುಸ್ತಕ ಅವರ ಜೊತೆ ಹೋಯ್ತು. ಆ ಮೂರು ಬಟನ್ ಇನ್ನೊಂದ್ಸಲ ಹೇಳಮ್ಮ” ಎಂದು ಕೇಳಿದರು. ನಾನು ಕೈಗಂಟಿದ ರಕ್ತ ಒರೆಸಿಕೊಳ್ಳುತ್ತಲೇ ಇದ್ದೆ. 12.25ಕ್ಕೆ ಪೊಲೀಸರು ಬಂದಾಗ ತಾವೇ ಮುಂದೆ ಬಂದು ಕೈ ಚಾಚಿದರು. ಮನೆಯ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟು, ಅವಳು ಒಬ್ಬಳೇ ಇದ್ದಾಳೆ ಎಂದಷ್ಟೇ ಹೇಳಿದರು.

1.40ಕ್ಕೆ ಕಂಪನಿಯ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆಸಿ, ಟೈಪ್ ಮಾಡಿದ ಒಂದು ಹಾಳೆ ಮುಂದಿಟ್ಟರು. ಆರೋಪಿ ದ್ವೇಷದಿಂದ ಸಿದ್ಧನಾಗಿ ಬಂದು ಎರಡೂ ಕೈಯಿಂದ ಎದೆಗೆ ತಳ್ಳಿದನೆಂದು ಅದರಲ್ಲಿತ್ತು. ಸಹಿ ಹಾಕಿದರೆ ಕಳ್ಳದಾರಿಯ ಮಾತು ಎಲ್ಲರೂ ಮರೆಯಬಹುದು ಎಂದರು. ನಾನು ನೀರು ಕುಡಿದು ಬರುತ್ತೇನೆಂದು ಎದ್ದು ಹೊರಟವಳು ಮತ್ತೆ ಒಳಗೆ ಹೋಗಲಿಲ್ಲ.

2.15ಕ್ಕೆ ಮಹಿಳಾ ಪೊಲೀಸ್ ಒಬ್ಬರ ಜೊತೆ ಯಜಮಾನರ ಮನೆಗೆ ಹೊರಟೆ. ಮೂರು ಕಿಲೋಮೀಟರ್. 2.40ಕ್ಕೆ ಬಾಗಿಲು ತೆಗೆದೆವು. ಒಂದು ಕೋಣೆ, ಒಂದು ಅಡುಗೆಮನೆ. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಜಾರಿ ಬೀಳದ ಹಾಗೆ ಸೊಂಟಕ್ಕೆ ಹಳೆಯ ಸೀರೆ ಸುತ್ತಿ ಕುರ್ಚಿಗೆ ಕಟ್ಟಿತ್ತು. ತಲೆ ನೀಟಾಗಿ ಬಾಚಿತ್ತು. ಕೈಗೆಟಕುವಲ್ಲಿ ನೀರು. ಇವರು ಯಾರೆಂದು ಕೇಳುವಂತೆ ನೋಡಿದರು. ನಾನು ಆಟದ ಕಂಪನಿಯವಳು ಎಂದಾಗ ಎಡಗೈ ಎತ್ತಿ ಟಿವಿ ತೋರಿಸಿದರು.

ಕಂಟ್ರೋಲರ್ ಇದ್ದ ಚೀಲ ಠಾಣೆಯಲ್ಲಿತ್ತು. ಮೂಲೆಯ ಡಬ್ಬದಲ್ಲಿ ಒಂದು ಹಳೆಯದು ಸಿಕ್ಕಿತು. ನಾನು ಅವರ ಹೆಬ್ಬೆರಳು ಹಿಡಿದು, ಅವರ ಬೆರಳಿನಿಂದಲೇ ಮೂರು ಬಟನ್ ಒತ್ತಿಸಿದೆ. 2.51ಕ್ಕೆ ಅಂಬಿಗಿತ್ತಿ ಆಚೆ ದಡದಲ್ಲಿ ನಿಂತಳು. ಎದುರಿಗೆ ಅವಳ ಮನೆ. ಆಕೆ ಒಂದು ನಿಮಿಷದಷ್ಟು ಹೊತ್ತು ಪರದೆ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿ, “ಅವ್ರು?” ಎಂದರು.

ಬರುತ್ತಾರೆ, ತಡವಾಗುತ್ತದೆ ಎಂದೆ. ಅವರು ಮತ್ತೆ ಟಿವಿ ಕಡೆ ತಿರುಗಲಿಲ್ಲ. 3.30ಕ್ಕೆ ಅವರನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿವರೆಗೆ ಆ ಒಂದೇ ಮಾತನ್ನು ಆರು ಸಲ ಕೇಳಿದರು.

4.10ಕ್ಕೆ ಠಾಣೆಗೆ ಬಂದು ಈ ಹೇಳಿಕೆ ಬರೆಸಲು ಕೂತೆ. 5.20ಕ್ಕೆ ಫೋನ್ ಬಂದು, ಮೇಷ್ಟ್ರು ತೀರಿಕೊಂಡರೆಂದು ಇನ್‌ಸ್ಪೆಕ್ಟರ್ ಸಾಹೇಬರು ತಿಳಿಸಿದರು. ಇನ್ನು ಇದು ಕೊಲೆಯ ಕೇಸು ಆಗಬಹುದು, ತಳ್ಳಿದರೋ ಇಲ್ಲವೋ ಸರಿಯಾಗಿ ಯೋಚಿಸಿ ಹೇಳಬೇಕೆಂದರು. ತಳ್ಳಲಿಲ್ಲ. ಕೈಯಿಂದ ಪುಸ್ತಕ ಬಿಟ್ಟಿತು ಎಂದು ಮೇಲೆ ಬರೆಸಿದ್ದೇನೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ಸುಳ್ಳಲ್ಲ. ನಿಲ್ಲಿಸಿಬಿಡಬೇಕೆಂದೇ ಕೂತಿದ್ದೆ.

ಪುಸ್ತಕ ತಾನಾಗಿ ಬಿಟ್ಟಿದ್ದಲ್ಲ. ಅವರು ಬಿಟ್ಟರು. ಬಿಡುವ ಮೊದಲು ಮೇಷ್ಟ್ರ ಭುಜದ ಮೇಲಿಂದ ಹಿಂದಿನ ಮೆಟ್ಟಿಲುಗಳನ್ನು ನೋಡಿದರು. ಎಷ್ಟು ಹೊತ್ತು ಎಂದು ಸಾಹೇಬರು ಕೇಳಿದರು. ಒಂದು ಉಸಿರಿನಷ್ಟು. ನೋಡಿ, ಬೆರಳು ಬಿಡಿಸಿದರು. ಅವರ ಮನಸ್ಸಿನಲ್ಲಿ ಏನಿತ್ತೆಂದು ನಾನು ಹೇಳಲಾರೆ. ಕಣ್ಣು ಎಲ್ಲಿತ್ತೆಂದು ಹೇಳಬಲ್ಲೆ. ಆ ಮುದುಕರಿಗೆ ಗೊತ್ತಿದ್ದದ್ದನ್ನು ಹೇಳದೆ ಒಮ್ಮೆ ಅನ್ಯಾಯ ಮಾಡಿದ್ದೇನೆ. ಈಗ ಹೇಳಿ ಎರಡನೇ ಸಲ ಮಾಡುತ್ತಿದ್ದೇನೇನೋ, ನನಗೆ ತಿಳಿಯುತ್ತಿಲ್ಲ. ಆದರೂ ಬರೆದುಕೊಳ್ಳಿ ಎಂದು ನಾನೇ ಹೇಳಿದ್ದೇನೆ.

ಇದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಠಾಣೆಯ ಬರಹಗಾರರು ನನಗೆ ಎರಡು ಸಲ ಓದಿ ಹೇಳಿದರು. ಒಂದಕ್ಷರವನ್ನೂ ತೆಗೆಸಿಲ್ಲ, ಸೇರಿಸಿಲ್ಲ. ಸತ್ಯವೆಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೋಣೆ
ದಿನಾಂಕ: ಹನ್ನೊಂದನೇ ತಾರೀಖು, ಬುಧವಾರ, ಸಂಜೆ 6.50
ಹೇಳಿಕೆ ಕೊಟ್ಟವಳ ಸಹಿ