ಚಕ್ರ ಹತ್ತಿ ಬಂದ ಸೀರೆ

ಯಳಂದೂರು ಬಸ್‌ಸ್ಟ್ಯಾಂಡಿನಲ್ಲಿ ಹೊನ್ನೂರಿನ ಬಸ್ಸಿಗೆ ಕಾದು ಕೂತಿದ್ದ ಗುರುಸಿದ್ದಯ್ಯನ ಬೆನ್ನ ಹಿಂದೆಯೇ ಇಬ್ಬರು ಓರಗಿತ್ತಿಯರು ಮಾತಿಗೆ ಕೂತಿದ್ದರು. ಸಿಂಗಾಪುರದಲ್ಲಿ ನರ್ಸಾಗಿರುವ ಮಗಳನ್ನು ನೋಡಿಕೊಂಡು ಬಂದ ಕಿರಿಯವಳು, ಹಿರಿಯವಳ ಮಡಿಲಿಗೆ ಒಂದು ಕವರು ಇಟ್ಟಳು. ಗುರುಸಿದ್ದಯ್ಯ ತಿರುಗಿ ನೋಡಲಿಲ್ಲ, ಕಿವಿಯನ್ನಷ್ಟೇ ಅತ್ತ ಕೊಟ್ಟ.

"ತಕಳಕ್ಕ, ನಿನ್ ರೇಸ್ಮೆ ಸೀರೆ. ಇದ್ನೇ ಉಟ್ಕಂಡು ಅಲ್ಲಿ ಜಾತ್ರೆ ತೊಟ್ಲಂಗಿರ ಆ ದೊಡ್ಡ ಚಕ್ರ ಅತ್ತಿದ್ದು."

"ಫೋಟೋದಲ್ ನೋಡ್ದೆ. ಊರೋರೆಲ್ಲ ನೋಡವ್ರೆ."

"ಒಂದೊಂದು ಡಬ್ಬನೂ ಒಂದು ರೂಮಷ್ಟು ಕಣಕ್ಕ, ಸುತ್ತ ಗಾಜು. ಮೇಲಕ್ಕೋದ್ರೆ ಸಮುದ್ರದಲ್ ನಿಂತಿರ ಅಡಗೆಲ್ಲ ಬೆಂಕಿಪೊಟ್ಣದಂಗೆ ಕಾಣ್ತವೆ."

"ಸೆರಗು ಬಾಗ್ಲಿಗೆ ಸಿಗಾಕಳ್ನಿಲ್ವಾ?"

"ಇಲ್ಲಕ್ಕ. ತಲೆ ಸುತ್ತದೆ ಅಂತ ಎದರ್ಕಂಡಿದ್ದೆ. ಚಕ್ರ ಓಡ್ತಾ ಅದೆ ಅಂತ್ಲೇ ಗೊತ್ತಾಗಕಿಲ್ಲ."

"ನಾನಾಗಿದ್ರೆ ಎದರ್ಕತಿರ್ನಿಲ್ಲ."

"ನೀನೂ ಬರ್ಬೇಕಿತ್ತು ಕಣಕ್ಕ."

"ಯಾರು ಕರುದ್ರು? ಸೀರೆ ಕೇಳ್ಕಂಡು ಮನೆಗಂಟ ಬಂದೆ. ನೀನೂ ಬತ್ತೀಯಾ ಅಂತ ಒಂದು ಮಾತು ಕೇಳ್ನಿಲ್ಲ. ನನ್ ಸೀರೆ ಎಲ್ಲಾನೂ ನೋಡ್ಕ ಬಂತು."

ಗುರುಸಿದ್ದಯ್ಯ ಬಂದ ಕೆಮ್ಮನ್ನೂ ನುಂಗಿಕೊಂಡ.

ಅಷ್ಟರಲ್ಲಿ ಬಸ್ಸು ಬಂತು. ಜನ ಸೀಟು ಹಿಡಿಯಲು ಟವೆಲ್ಲು, ಚೀಲ ಸಿಕ್ಕಿದ್ದನ್ನೆಲ್ಲ ಕಿಟಕಿಯಿಂದ ಒಳಗೆ ಎಸೆಯತೊಡಗಿದರು. ಗುರುಸಿದ್ದಯ್ಯ ಹೆಗಲ ಟವೆಲ್ಲು ತೆಗೆಯುವಷ್ಟರಲ್ಲಿ ಹಿರಿಯವಳು ಓಡಿಹೋಗಿ, ಕೈಲಿದ್ದ ಕವರನ್ನೇ ಒಳಕ್ಕೆ ಎಸೆದುಬಿಟ್ಟಳು.

"ಅಯ್ಯೋ ಅಕ್ಕ, ರೇಸ್ಮೆ ಸೀರೆ ಅದು!"

"ಬೀಳ್ಲಿ ಬುಡು. ಕಿಟಕಿ ಸೀಟು ನಂದು. ಪ್ರಪಂಚನೆಲ್ಲ ಮೇಲಿಂದ ನೋಡ್ಬಂದೋಳು, ನೀನು ಈಚೆಗಡೆ ಕೂತ್ಕೊ."