ಮೂಡಣಕ್ಕೆ ಬಾಗಿಲಿದ್ದ ಕಲ್ಲಿನ ಸುತ್ತು

ಕರಾಕೋಲ್ ಎಂಬ ಬೆಟ್ಟದೂರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಮುದುಕನೂ ಅವನ ಮೊಮ್ಮಗನೂ ಕೂತಿದ್ದರು. ಮೊಮ್ಮಗ ಪ್ರವಾಸಿಗರಿಗೆ ಬೆಟ್ಟ ತೋರಿಸುವವನು.

“ತಾತಾ, ನಾಳೆ ಪ್ರವಾಸಿಗರು ಬಂದಾಗ ದಯವಿಟ್ಟು ಮತ್ತೆ ಬಾಯಿ ಬಿಡಬೇಡ.”

“ನಾನೇನಂದೆ? ಬೆಟ್ಟದ ಮೇಲಿರೋ ಆ ಕಲ್ಲಿನ ಸುತ್ತು ಕುರಿಮರಿಗಳ ದೊಡ್ಡಿ ಅಂದೆ. ನಾನೂ ನಿಮ್ಮಜ್ಜಿನೂ ಕಟ್ಟಿದ್ದು.”

“ಹತ್ತು ಸಾವಿರ ವರ್ಷದ ಹಿಂದೆ ಮಾಯವಾದ ಜನ ಕಟ್ಟಿದ್ದು ಅಂತ ನಾನು ಆಗಷ್ಟೇ ಹೇಳಿದ್ದೆ. ಮಾನ ಹೋಯ್ತು.”

“ಯಾರಪ್ಪಾ ಆ ಜನ?”

“ಯಾರಿಗೂ ಗೊತ್ತಿಲ್ಲ. ಅದಕ್ಕೇ ನೋಡೋಕೆ ಬರೋದು. ಸರಿ, ದೊಡ್ಡಿನೇ ಆದ್ರೆ ಬಾಗಿಲು ನೆಟ್ಟಗೆ ಸೂರ್ಯ ಹುಟ್ಟೋ ಕಡೆಗೆ ಯಾಕಿದೆ?”

“ನಮ್ಮ ಗುಡಾರದ ಬಾಗಿಲು ಯಾವ ಕಡೆಗಿರತ್ತೋ ಪೆದ್ದ? ಮರಿಗಳಿಗೆ ಬೆಳಗಿನ ಬಿಸಿಲು ಬೇಡ್ವಾ?”

ಮೊಮ್ಮಗ ಬಸ್ ಬರುವ ದಾರಿಯತ್ತ ತಿರುಗಿದ.

“ಏನು ಬೇಕಾದ್ರೂ ಹೇಳ್ಕೋ. ಮಾಯವಾದ ಜನ ಅಂತ ಮಾತ್ರ ಅನ್ಬೇಡ. ನಿಮ್ಮಜ್ಜಿ ಅನಾರ್‌ಕುಲ್ ತೀರಿಹೋಗಿ ಇನ್ನೂ ನಾಲ್ಕು ವರ್ಷ ತುಂಬಿಲ್ಲ.”

ಬಸ್ ಬಂತು. ಮೊಮ್ಮಗ ತಾತನ ಚೀಲ ಎತ್ತಿಕೊಂಡ. ಹತ್ತುವಾಗ ಮೆಲ್ಲಗೆ ಕೇಳಿದ.

“ಅಜ್ಜಿ ಇಟ್ಟ ಕಲ್ಲು ಯಾವುದು ತಾತಾ?”

“ಬಾಗಿಲ ಪಕ್ಕದ ದೊಡ್ಡದು. ಹಾರೆ ಹಾಕಿ ಒಬ್ಬಳೇ ಉರುಳಿಸ್ಕೊಂಡು ಬಂದ್ಲು. ಮನುಷ್ಯರ ಕೈಲಿ ಆಗೋ ಕೆಲಸವೇ ಅಲ್ಲ ಅಂತ ಎಲ್ರಿಗೂ ತೋರಿಸ್ತೀಯಲ್ಲ, ಅದೇ.”