ಮಾತ್ರೆ ಬಿಟ್ಟವನಿಗೆ ಸನ್ಮಾನ

ವೇದಿಕೆಯ ನಡುವೆ ಗಂಭೀರವಾಗಿ ಕುಳಿತು ಆಗಲೇ ಒಮ್ಮೆ ಗಡಿಯಾರ ನೋಡಿಕೊಂಡ ಮಾನ್ಯ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಬೆಳಗಿನ ನಡಿಗೆ ಬಳಗದ ಹಿರಿಯ ಕಿರಿಯ ಸದಸ್ಯರೇ, ಅವರ ಬಲವಂತಕ್ಕೆ ಬಂದು ಕೂತಿರುವ ಮನೆಮಂದಿಯೇ, ಸಭಿಕರೇ.

ಕಾರ್ಯದರ್ಶಿಗಳು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತುಗಳನ್ನು ಕೇಳುತ್ತಾ, ಯಾರಪ್ಪಾ ಈ ದೊಡ್ಡ ಮನುಷ್ಯ ಎಂದು ನಾನೇ ಒಮ್ಮೆ ಹಿಂತಿರುಗಿ ನೋಡಿದೆ. ಹಿಂದೆ ಬರೀ ಗೋಡೆಯಿತ್ತು. ಹಾಗಾಗಿ ನಾನೇ ಇರಬೇಕು. ಸನ್ಮಾನಕ್ಕೆ ಋಣಿ. ಹೂಗುಚ್ಛ ಸ್ವಲ್ಪ ಭಾರವಾಯಿತು, ಎಡಗೈಯಿಂದ ಜಾರಿತು, ಅದನ್ನು ಅಪಶಕುನ ಎಂದು ಯಾರೂ ತಿಳಿಯಬೇಡಿ. ಈ ಕೈ ಒಂದು ವಾರದಿಂದ ಸ್ವಲ್ಪ ಮೊಂಡು ಹಿಡಿದಿದೆ, ಅಷ್ಟೇ.

ಹೊಸಬರಿಗಾಗಿ ಒಂದು ಮಾತು. ಮೇಜಿನ ಮೇಲಿರುವ ಈ ಗಾಜಿನ ಬೋಗುಣಿ ನಮ್ಮ ಬಳಗದ ಹೆಮ್ಮೆ. ರಕ್ತದೊತ್ತಡದ ಮಾತ್ರೆಗೆ ವಿದಾಯ ಹೇಳಿ ಪಥ್ಯ, ನಡಿಗೆ, ಕಷಾಯ ಇವುಗಳ ದಾರಿ ಹಿಡಿಯುವವರು ಪ್ರತಿ ವಾರ್ಷಿಕೋತ್ಸವದಲ್ಲಿ ಇಲ್ಲಿಗೆ ಬಂದು, ಎಲ್ಲರೆದುರು, ತಮ್ಮ ಮಾತ್ರೆಗಳನ್ನು ಇದಕ್ಕೆ ಹಾಕುತ್ತಾರೆ. ಈ ಪದ್ಧತಿ ಶುರು ಮಾಡಿದವನು ನಾನು. ಮೊದಲು ಹಾಕಿದವನೂ ನಾನೇ. ಈ ಸಲ ಹಾಕುವವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಮದುವೆ ಮಂಟಪಕ್ಕೆ ಬಂದವರ ಹಾಗೆ ಜೇಬು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ಅವಸರ ಬೇಡ, ಕರೆಯುತ್ತೇನೆ.

ನಾನು ಓದಿದವನಲ್ಲ. ಬಟ್ಟೆ ಗಿರಣಿಯ ಬಾಯ್ಲರಿನ ಮುಂದೆ ಕೂತು ತಲೆ ಹಣ್ಣು ಮಾಡಿಕೊಂಡವನು. ಒತ್ತಡ ಎಂದರೇನು ಎಂದು ಡಾಕ್ಟರು ನನಗೆ ಹೇಳಿಕೊಡಬೇಕೆ? ಅವರು ನನ್ನ ತೋಳಿಗೆ ಪಟ್ಟಿ ಕಟ್ಟಿ, ಊದಿಸಿ, ಮುಖ ಸಿಂಡರಿಸಿ, "ಇನ್ನು ಜೀವನಪೂರ್ತಿ ಈ ಮಾತ್ರೆ ತಗೋಬೇಕು" ಎಂದರು. ಜೀವನಪೂರ್ತಿ! ಸಾಲ ಮಾಡದೆ, ಸೆರೆಗೆ ಬೀಳದೆ ಬಾಳಿದವನಿಗೆ ಈ ಶಿಕ್ಷೆ ಯಾಕೆ? ಉರಿ ಕಡಿಮೆ ಮಾಡಿದರೆ ಒತ್ತಡ ಇಳಿಯುತ್ತದೆ, ಇದು ಬಾಯ್ಲರಿನ ಲೆಕ್ಕ. ಉಪ್ಪು ಬಿಟ್ಟೆ. ಎಣ್ಣೆ ಬಿಟ್ಟೆ. ಸಿಟ್ಟು ಬಿಟ್ಟೆ ಎಂದರೆ ನನ್ನ ಮಗಳು ಒಪ್ಪುವುದಿಲ್ಲ, ಅದಿರಲಿ. ಬೆಳಿಗ್ಗೆ ಎದ್ದು ಕೆರೆಯ ಸುತ್ತ ನಡೆದೆ. ಬೆಳ್ಳುಳ್ಳಿ, ಶುಂಠಿ, ಮೆಂತ್ಯ ಕುದಿಸಿದ ಕಷಾಯ ಕುಡಿದೆ. ಮಾಡುವ ವಿಧಾನವನ್ನು ಅಚ್ಚು ಹಾಕಿಸಿ ನಿಮಗೆಲ್ಲ ಹಂಚಿದೆನಲ್ಲ, ಅದೇ ಕಷಾಯ. ಕಂಡುಹಿಡಿದವನು ನಾನು, ಕುದಿಸಿ ಲೋಟಕ್ಕೆ ಬಗ್ಗಿಸಿ ಕೊಡುತ್ತಿದ್ದವಳು ನನ್ನ ಹೆಂಡತಿ. ಒತ್ತಡ ಇಳಿಯಿತೋ ಇಲ್ಲವೋ? ಇಳಿಯಿತು! ಅದೇ ಡಾಕ್ಟರು ಮತ್ತೆ ಪಟ್ಟಿ ಕಟ್ಟಿ ನೋಡಿ ಬೆರಗಾದರು. ಮಾತ್ರೆ ಬಿಟ್ಟಿದ್ದೇನೆ ಎಂದಾಗ ಅವರ ಮುಖ ನೋಡಬೇಕಿತ್ತು!

ನನ್ನ ಹೆಂಡತಿಯ ಮಾತು ಬಂತು. ಈ ಬೇಸಿಗೆಯಲ್ಲಿ ಅವಳು ತೀರಿಕೊಂಡದ್ದು ನಿಮಗೆ ಗೊತ್ತು. ಅವಳನ್ನು ಈ ವೇದಿಕೆಯಿಂದ ನಾನೆಷ್ಟು ಗೇಲಿ ಮಾಡಿದ್ದೇನೆಂಬುದೂ ಗೊತ್ತು. ನನ್ನಂಥವನ ಮನೆಯಲ್ಲೇ ಮಾತ್ರೆ ನುಂಗುವ ಪ್ರಾಣಿಯೊಂದಿದೆ, ತನಗೂ ಒತ್ತಡ ಎಂದು ತಿಂಗಳು ತಿಂಗಳು ಔಷಧದ ಅಂಗಡಿಗೆ ಓಡುತ್ತಾಳೆ, ಊರಿಗೆಲ್ಲ ಬುದ್ಧಿ ಹೇಳಿದವನ ಮಾತು ಹೆಂಡತಿಯ ಕಿವಿಗೆ ಬೀಳಲಿಲ್ಲ ಎಂದು ಹೇಳುತ್ತಿದ್ದೆ. ನೀವು ನಗುತ್ತಿದ್ದಿರಿ. ಅವಳೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಈಗ ನಿಮಗೊಂದು ತಮಾಷೆ ಹೇಳಬೇಕು. ಮೂರನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತಿದ್ದಾಳಲ್ಲ, ಅವಳು ನನ್ನ ಮಗಳು. ಸನ್ಮಾನಕ್ಕೆಂದೇ ಪರಊರಿಂದ ಬಂದಿದ್ದಾಳೆ. ಇವತ್ತು ಬೆಳಿಗ್ಗೆ ನನ್ನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವಳು ಕೈ ನಿಲ್ಲಿಸಿ ಹೇಳುತ್ತಾಳೆ: "ಅಪ್ಪಾ, ಇವತ್ತು ಅಲ್ಲಿ ಹೋಗಿ ಮಾತಾಡ್ಬೇಡಿ. ನೀವು ಮಾತ್ರೆ ಬಿಟ್ಟೇ ಇರ್ಲಿಲ್ಲ. ಅಮ್ಮ ದಿನಾ ಪುಡಿ ಮಾಡಿ ನಿಮ್ಮ ಕಷಾಯಕ್ಕೆ ಹಾಕ್ತಿದ್ಲು."

ನಗಿ ಸ್ವಾಮಿ, ನಗುವುದಕ್ಕೇ ಹೇಳಿದ್ದು. ನಾನೂ ನಕ್ಕೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆಯಲ್ಲ, ಯಾಕೆ ಎಂದು ಕೇಳಿದೆ. "ಅಮ್ಮ ಆಣೆ ಹಾಕಿಸ್ಕೊಂಡಿದ್ಲು. ನಾಲ್ಕು ಜನರ ಮುಂದೆ ನಿಮ್ಮ ಮುಖ ಸಣ್ಣದಾಗಬಾರದು ಅಂತ. ಅವಳು ಹೋದ ಮೇಲೆ ಮಾತ್ರೆ ತಂದು ನಿಮ್ಮ ಮುಂದೆ ಇಟ್ಟೆ, ನೀವು ಮೋರಿಗೆ ಎಸೆದ್ರಿ" ಎಂದಳು. ಎಸೆದದ್ದು ನಿಜ.

ಯಾರೂ ನಗುತ್ತಿಲ್ಲವಲ್ಲ! ಹಾಗಾದರೆ ವಾದ ಮಾಡಿಯೇ ಬಿಡೋಣ. ಸುಳ್ಳು ಆರೋಪವನ್ನು ಸಭೆಯ ಮುಂದೆಯೇ ಬಿಚ್ಚಿಡಬೇಕು. ಅಂಗಡಿಯಿಂದ ಮಾತ್ರೆ ತಂದದ್ದು ಯಾರಿಗೆ? ತನಗೆ, ತನ್ನ ಒತ್ತಡಕ್ಕೆ. ಆಸ್ಪತ್ರೆಯಲ್ಲಿ ಅವಳು ಜ್ವರದಿಂದ ಮಲಗಿದ್ದಾಗ ನಾನೇ ಹಾಗೆಂದು ಹೇಳಿದೆ. ಅಲ್ಲಿನ ಡಾಕ್ಟರು ಏನೆಂದರು ಗೊತ್ತೆ? "ಇವರಿಗೆ ಒತ್ತಡದ ಕಾಯಿಲೆ ಇದ್ದ ಹಾಗೇ ಇಲ್ವಲ್ಲ. ಇವರು ಯಾವತ್ತೂ ಆ ಮಾತ್ರೆ ತಗೊಂಡ ಹಾಗೆ ಕಾಣಲ್ಲ." ನೋಡಿ, ಇದು ಇವರ ವಿದ್ಯೆ! ವರ್ಷಗಟ್ಟಲೆ ಮಾತ್ರೆ ತಿಂದವಳನ್ನು ಹಿಡಿದುಕೊಂಡು ತಿಂದೇ ಇಲ್ಲ ಎನ್ನುತ್ತಾರೆ. ಆ ಮಾತು ಕೇಳಿ ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು.

ಇನ್ನೊಂದು ಕೇಳಿ. ಮಗಳ ಹೆರಿಗೆಗೆಂದು ಅವಳು ಒಮ್ಮೆ ಪರಊರಿಗೆ ಹೋದಳು. ಕಷಾಯವನ್ನು ನಾನೇ ಕುದಿಸಿಕೊಂಡೆ. ಪಥ್ಯದಲ್ಲಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೂ ತಲೆ ಸುತ್ತಿತು, ಕಣ್ಣು ಮಂಜಾಯಿತು, ಒಂದು ದಿನ ಮೆಟ್ಟಿಲ ಮೇಲೆ ಕುಸಿದು ಕೂತೆ. ಪಕ್ಕದ ಮನೆಯವರು ಫೋನು ಮಾಡಿದರು. ಅವಳು ಹಸಿ ಬಾಣಂತಿಯನ್ನು, ಕಣ್ಣು ಬಿಡದ ಕೂಸನ್ನು ಬಿಟ್ಟು ಸಿಕ್ಕಿದ ಬಸ್ಸು ಹತ್ತಿ ಬಂದಳು. ಬಂದ ಕೆಲವೇ ದಿನಗಳಲ್ಲಿ ನಾನು ಮೊದಲಿನ ಹಾಗಾದೆ. ಇದು ಮಾತ್ರೆಯೇ? ಇದು ಪ್ರೀತಿ! ನನ್ನನ್ನು ಬಿಟ್ಟಿರಲಾರಳು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಮಗಳು ಮಾತ್ರ ತಾಯಿಯ ಜೊತೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. "ನನಗಿಂತ ನಿನಗೆ ಅಪ್ಪನ ಕಷಾಯ ಹೆಚ್ಚಾಯ್ತಾ?" ಎಂದಳಂತೆ. ಆಮೇಲೆ ಯಾವಾಗಲೋ ತಾಯಿಯೇ ಮಗಳಿಗೆ ನಿಜ ಹೇಳಿ, ಆಣೆ ಹಾಕಿಸಿಕೊಂಡಳಂತೆ. ಹಾಗೆಂದು ಮಗಳು ಹೇಳುತ್ತಾಳೆ.

ಈಗಲೂ ಅದೇ ಕಷಾಯ ಕುದಿಸುತ್ತೇನೆ. ಅದೇ ಪಾತ್ರೆ, ಅದೇ ಲೋಟ. ಆದರೆ ಅವಳು ಕೊಡುತ್ತಿದ್ದುದರಲ್ಲಿ ಕೊನೆಯ ಗುಟುಕಿಗೆ ನಾಲಿಗೆಯ ಬುಡದಲ್ಲಿ ಒಂದು ಕಹಿ ನಿಲ್ಲುತ್ತಿತ್ತು. ಅದು ಬರುತ್ತಿಲ್ಲ. ಮೆಂತ್ಯ ಹೆಚ್ಚು ಹಾಕಿದೆ, ಹುರಿದು ಹಾಕಿದೆ, ಬರಲಿಲ್ಲ. ಲೋಟ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ಅಳುತ್ತೇನೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಒಂದು ಕಹಿಗಾಗಿ ಗಂಡಸು ಅಳುತ್ತಾನೆ.

ಏನಮ್ಮಾ, ಎದ್ದೆ ಯಾಕೆ? ಕೂತುಕೋ. ಮುಗಿಸುತ್ತಿದ್ದೇನೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ವಿಷಯಕ್ಕೆ ಬನ್ನಿ ಎಂದು. ವಿಷಯದಲ್ಲೇ ಇದ್ದೇನೆ ಸ್ವಾಮಿ. ಪಥ್ಯದಲ್ಲಿ ಶಿಸ್ತು ಬೇಕು. ಶಿಸ್ತು ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಡ್ರಿಲ್ ಮಾಸ್ತರರೇ ಉದಾಹರಣೆ. ಕಳೆದ ವಾರ್ಷಿಕೋತ್ಸವದಲ್ಲಿ ನನ್ನ ಮಾತಿಗೆ ಕಟ್ಟುಬಿದ್ದು ಇದೇ ಬೋಗುಣಿಗೆ ಮಾತ್ರೆ ಹಾಕಿದರು. ಎದೆಯುಬ್ಬಿಸಿ ಸೆಲ್ಯೂಟ್ ಹೊಡೆದರು, ಎಷ್ಟು ಚಪ್ಪಾಳೆ! ಹಿಂದಿನ ದಿನ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು, "ಅವರನ್ನ ಬಿಡಿಸ್ಬೇಡಿ ರೀ, ನಿಮ್ಮ ಕಾಲು ಹಿಡೀತೀನಿ" ಎಂದಿದ್ದಳು. ಹೆಂಗಸರ ಹೆದರಿಕೆ ಎಂದು ಅವಳನ್ನು ಪಕ್ಕಕ್ಕೆ ಸರಿಸಿ ಹೋದೆ. ಕೆಲವೇ ವಾರ. ಮಾಸ್ತರರು ಬಚ್ಚಲಲ್ಲಿ ಬಿದ್ದರು. ಮೈಯ ಒಂದು ಭಾಗ ಹೋಯಿತು, ಮಾತು ಹೋಯಿತು. ನಮ್ಮ ಮಾಸಿಕ ಸಭೆಯಲ್ಲಿ ನಾನೇ ಎದ್ದು ನಿಂತು ಹೇಳಿದೆ, ಕಷಾಯದ ತಪ್ಪಲ್ಲ, ಅವರು ಕದ್ದು ಉಪ್ಪು ತಿಂದಿದ್ದಾರೆ ಎಂದು. ಅವರ ಮನೆಯವರು, ಅಗೋ ಇವತ್ತೂ ಬಂದಿದ್ದಾರೆ, ಹಿಂದಿನ ಬಾಗಿಲ ಹತ್ತಿರ ನಿಂತಿದ್ದಾರೆ, ಅವತ್ತು ಎದ್ದು, "ಅಡುಗೆ ಮಾಡೋಳು ನಾನು. ಒಂದು ಹರಳು ಉಪ್ಪೂ ಹಾಕಿಲ್ಲ" ಎಂದರು. ನಾವು ಮುಂದಿನ ವಿಷಯಕ್ಕೆ ಹೋದೆವು.

ನನ್ನ ಹೆಂಡತಿ ಅಂದಿನಿಂದ ದಿನವೂ ಮಾಸ್ತರರ ಮನೆಗೆ ಹೋಗಿ ಅವರಿಗೆ ಗುಟುಕು ಗುಟುಕಾಗಿ ಗಂಜಿ ಕುಡಿಸಿ ಬರುತ್ತಿದ್ದಳು. ಬಂದು ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅವರು ನಮಗೆ ರಕ್ತಸಂಬಂಧಿಗಳಲ್ಲ. ಅಷ್ಟೊಂದು ಯಾಕೆ ಅತ್ತಳು?

ಇರಲಿ. ಒಂದು ಹಳೆಯ ಕಥೆ ಹೇಳಿ ಮುಗಿಸುತ್ತೇನೆ. ಗಿರಣಿಯಲ್ಲಿ ನನಗಿಂತ ಹಿಂದಿನ ಪಾಳಿಯವನೊಬ್ಬನಿದ್ದ. ಒಳ್ಳೆಯವನೇ, ಸ್ವಲ್ಪ ಸೋಮಾರಿ. ಒಂದು ದಿನ ನಾನು ಹೋಗಿ ಗೇಜಿನ ಮೇಲಿದ್ದ ಟವೆಲ್ ಎತ್ತಿ ನೋಡುತ್ತೇನೆ, ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿ ನಿಂತಿದೆ. ಇವನು ಅದನ್ನು ಮುಚ್ಚಿಟ್ಟು ಬೀಡಿ ಸೇದುತ್ತಾ ಕೂತಿದ್ದಾನೆ. ಏನಯ್ಯಾ ಇದು ಎಂದರೆ, "ಗೇಜ್ ಕೆಟ್ಟಿದೆ ಅಣ್ಣ, ಸುಮ್ನೆ ಹೆದರಿಸ್ತದೆ" ಎಂದ. ಕೆನ್ನೆಗೆ ಬಾರಿಸಿದೆ. ಗೋಡೆಯ ಆಚೆ ನೂರಾರು ಹೆಂಗಸರು ನೂಲು ತೆಗೆಯುತ್ತಿದ್ದರು. ಮುಳ್ಳು ಮೇಲೇರಿದರೆ ಮುಳ್ಳನ್ನು ಬೈಯುವವನು ಬಾಯ್ಲರಿನ ಹತ್ತಿರ ಇರಬಾರದು ಎಂದು ಯಜಮಾನರಿಗೆ ಹೇಳಿ ಅವನನ್ನು ಕೆಲಸದಿಂದ ತೆಗೆಸಿದೆ. ಈ ಕಥೆಯನ್ನು ಬಹಳ ಕಡೆ ಹೇಳಿದ್ದೇನೆ. ನಮ್ಮ ಕೆಲಸದಲ್ಲಿ ಮುಳ್ಳನ್ನು ನಂಬಬೇಕು. ನಾನು ಯಾವಾಗಲೂ ನಂಬಿದವನು.

ಮನೆಯಲ್ಲೂ ಒಂದು ಯಂತ್ರ ಇಟ್ಟುಕೊಂಡಿದ್ದೇನೆ, ಒತ್ತಡ ನೋಡುವುದು. ಅವಳು ಹೋದ ಮೇಲೆ ಅದು ಕೆಟ್ಟಿತು. ಬರೀ ಮೇಲೆ ತೋರಿಸುತ್ತದೆ. ಹೊಸದು ತಂದೆ. ಅದೂ ಕೆಟ್ಟಿದೆ. ಈಗ ಎರಡನ್ನೂ ಬೀರುವಿನಲ್ಲಿ, ಅವಳ ಬಟ್ಟೆಗಳ ಕೆಳಗೆ...

ಸ್ವಲ್ಪ ನೀರು ಕೊಡಿ.

ಕ್ಷಮಿಸಬೇಕು. ಏನು ಹೇಳುತ್ತಿದ್ದೆ? ಮುಂದಿನ ಸಾಲಿನವರು ಎದ್ದು ನಿಂತಿದ್ದೀರಿ, ನನ್ನ ಕರೆಗೆ ಕಾಯುತ್ತಿದ್ದೀರಿ. ಬೋಗುಣಿ ಕಾರ್ಯಕ್ರಮವನ್ನು ಇವತ್ತು ಮುಂದೂಡೋಣ. ಬೋಗುಣಿ ಸ್ವಲ್ಪ ಬಿರುಕು ಬಿಟ್ಟಿದೆ. ಇಲ್ಲ, ಬಿರುಕು ಬಿಟ್ಟಿಲ್ಲ, ಅಧ್ಯಕ್ಷರೇ, ಹಾಗೆ ನೋಡಬೇಡಿ. ಹಾಕಬೇಡಿ. ಜೇಬಿನಲ್ಲೇ ಇರಲಿ. ನಡೆಯಿರಿ, ಉಪ್ಪು ಬಿಡಿ, ಕಷಾಯ ಕುಡಿಯಿರಿ, ಅದರಿಂದ ಕೆಡುಕಿಲ್ಲ. ಆದರೆ ಮನೆಗೆ ಹೋಗಿ ಮೊದಲು ಮಾತ್ರೆ ನುಂಗಿ. ಬಿಡಬೇಕೋ ಬೇಡವೋ ಎಂದು ಡಾಕ್ಟರನ್ನು ಕೇಳಿ, ನನ್ನನ್ನು ಕೇಳಬೇಡಿ. ನಾನು ಒಂದು ದಿನವೂ ಬಿಟ್ಟವನಲ್ಲ. ಅವಳು ಬಿಡಿಸಲಿಲ್ಲ. ಅವಳಿದ್ದಷ್ಟು ದಿನ ಬಿಡಿಸಲಿಲ್ಲ.

ಮಗಳೇ, ಈ ಕೈ ಮೇಲೆ ಏಳುತ್ತಿಲ್ಲ. ಬಾ, ಹೋಗೋಣ. ಬಾ ಎಂದೆ, ಓಡಬೇಡ. ಇನ್ನೊಂದೇ ಮಾತಿದೆ.

ಹಿಂದಿನ ಬಾಗಿಲ ಹತ್ತಿರ ನಿಂತಿರುವ ತಾಯೀ, ಹೋಗಬೇಡಿ, ಒಂದು ನಿಮಿಷ. ನಿಮ್ಮ ಯಜಮಾನರಿಗೆ ಮಾತು ಬರುವುದಿಲ್ಲ, ಆದರೆ ಕಿವಿ ಕೇಳಿಸುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ನಾನು ಬರುವುದು ಆಗುತ್ತದೋ ಇಲ್ಲವೋ, ನೀವೇ ಹೋಗಿ ಅವರ ಕಿವಿಯಲ್ಲಿ ಹೇಳಿ. ಈ ಸಭೆಯ ಮುಂದೆ, ಮೈಕಿನಲ್ಲಿ, ನಾನು ಹೇಳಿದೆ ಎಂದು ಹೇಳಿ: ಅವರು ಉಪ್ಪು ತಿಂದಿರಲಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಒಂದೇ ಕೈಯಲ್ಲಿ ಮಾಡುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಮಸ್ಕಾರ.